ದರ್ಜಿಯ ಮಗನೂ ಶಾಖದ ಲೆಕ್ಕವೂ

ಕಳೆದ ಚಳಿಗಾಲದಲ್ಲಿ ಫೂರಿಯೆಯ ತಪ್ಪು ಹಿಡಿದುಬಿಟ್ಟೆ ಅಂತ ನಾನು ಹಾಸ್ಟೆಲಿನ ಗೆಳೆಯರಿಗೆಲ್ಲ ಚಹಾ ಕುಡಿಸಿದ್ದೆ. ಆ ಚಹಾದ ಗತಿ ಏನಾಯಿತೆಂದು ಕೊನೆಗೆ ಹೇಳುತ್ತೇನೆ. ಮೊದಲು ಆ ಮನುಷ್ಯನ ಕಥೆ. ವಿಜ್ಞಾನ ಓದುವ ನಮಗೆಲ್ಲ ಪರೀಕ್ಷೆಯಲ್ಲಿ ಕಾಡಿದ ಫೂರಿಯರ್ ಸರಣಿ ಗೊತ್ತು. ಅದರ ಹಿಂದಿನ ಜೋಸೆಫ್ ಫೂರಿಯೆ ಗೊತ್ತಿಲ್ಲ.

1768ರಲ್ಲಿ ಫ್ರಾನ್ಸಿನ ಓಸೇರ್ ಎಂಬ ಊರಿನಲ್ಲಿ ದರ್ಜಿಯ ಮನೆಯಲ್ಲಿ ಹುಟ್ಟಿದ. ಹತ್ತರ ಆಸುಪಾಸಿನಲ್ಲೇ ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡ. ಪಾದ್ರಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಓದು. ಉರಿದುಳಿದ ಮೇಣದಬತ್ತಿಯ ತುಂಡುಗಳನ್ನು ಕೂಡಿಟ್ಟುಕೊಂಡು ರಾತ್ರಿ ಗಣಿತ ಮಾಡುತ್ತಿದ್ದನಂತೆ. ಫಿರಂಗಿದಳ ಸೇರಲು ಹೋದರೆ ಕುಲೀನನಲ್ಲ ಅಂತ ಬಾಗಿಲು ಹಾಕಿದರು. (ಕುಲ ಕೇಳುವುದು ನಮ್ಮಲ್ಲಿ ಮಾತ್ರ ಅಂದುಕೊಂಡಿದ್ದೆ!) ಮಠ ಸೇರಿದ, ಪೂರ್ತಿ ಸನ್ಯಾಸಿಯಾಗುವ ಮೊದಲೇ ಬಿಟ್ಟು ಬಂದ. ಕ್ರಾಂತಿಯಲ್ಲಿ ಧುಮುಕಿದ, 1794ರಲ್ಲಿ ಜೈಲು ಕಂಡ. ಅಷ್ಟರಲ್ಲಿ ರೋಬೆಸ್ಪಿಯರನ ತಲೆಯೇ ಉರುಳಿದ್ದರಿಂದ ಇವನ ತಲೆ ಉಳಿಯಿತು.

1798ರಲ್ಲಿ ನೆಪೋಲಿಯನ್ ಇವನನ್ನು ಈಜಿಪ್ತಿಗೆ ಕರೆದೊಯ್ದ. ಮರಳಿ ಬಂದು ಪ್ಯಾರಿಸ್ಸಿನಲ್ಲಿ ಪಾಠ ಹೇಳಿಕೊಂಡಿರೋಣ ಅಂದರೆ, 1802ರಲ್ಲಿ ಗ್ರೆನೋಬಲ್‌ಗೆ ಜಿಲ್ಲಾಧಿಕಾರಿಯಾಗಿ ಹೋಗು ಅಂತ ಆಜ್ಞೆ. ಹೋದ. ಜೌಗು ನೆಲ ಒಣಗಿಸಿದ, ಟ್ಯೂರಿನ್ ಕಡೆಗೆ ರಸ್ತೆ ಹಾಕಿಸಿದ. ಈ ಕಡತಗಳ ನಡುವೆಯೇ ಒಂದು ಕಬ್ಬಿಣದ ಬಳೆಯನ್ನು ಕಾಯಿಸಿ, ಅಲ್ಲಲ್ಲಿ ತಾಪಮಾಪಕ ಇಟ್ಟು, ಶಾಖ ಹೇಗೆ ಹರಿಯುತ್ತದೆಂದು ಅಳೆಯತೊಡಗಿದ.

ಅವನು ಕಂಡ ನಿಯಮ ಅಡುಗೆಮನೆಯಲ್ಲೂ ಸಿಗುತ್ತದೆ. ಕುದಿಯುವ ಸಾರಿನಲ್ಲಿಟ್ಟ ಸೌಟಿನ ಹಿಡಿ ನಿಧಾನಕ್ಕೆ ಬಿಸಿಯಾಗುವುದಿಲ್ಲವೇ? ಉಷ್ಣತೆಯ ಇಳಿಜಾರು ಎಷ್ಟು ಕಡಿದೋ, ಶಾಖದ ಹರಿವು ಅಷ್ಟು ಹೆಚ್ಚು. ಇಷ್ಟಕ್ಕೇ ನಿಂತಿದ್ದರೆ ಜಗಳವಿರಲಿಲ್ಲ. ಶಾಖ ಎಷ್ಟೇ ಅಡ್ಡಾದಿಡ್ಡಿಯಾಗಿ ಹಂಚಿಕೊಂಡಿದ್ದರೂ ಅದನ್ನು ಅಲೆಗಳ ಮೊತ್ತವಾಗಿ ಬರೆಯಬಹುದು ಅಂದುಬಿಟ್ಟ. 1807ರ ಡಿಸೆಂಬರಿನಲ್ಲಿ ಆ ಪ್ರಬಂಧ ಪ್ಯಾರಿಸ್ಸಿನ ಪಂಡಿತರ ಮುಂದೆ ಹೋಯಿತು. ಪರೀಕ್ಷಕರು ಯಾರಂತೀರಿ? ಲಗ್ರಾಂಜ್, ಲಾಪ್ಲಾಸ್, ಮೋಂಜ್, ಲಕ್ರುವಾ. ಲಗ್ರಾಂಜ್ ಸುತರಾಂ ಒಪ್ಪಲಿಲ್ಲ. 1811ರ ಸ್ಪರ್ಧೆಯಲ್ಲಿ ಬಹುಮಾನವನ್ನೇನೋ ಕೊಟ್ಟರು, ಜೊತೆಗೇ ಸಾಧನೆ ಸಾಲದು ಅಂತ ಚುಚ್ಚಿದರು, ಅಚ್ಚು ಮಾಡಲಿಲ್ಲ. ಶಾಖದ ಮೇಲಿನ ಅವನ ಮಹಾಗ್ರಂಥ ಹೊರಬಂದದ್ದು 1822ರಲ್ಲಿ. ಹದಿನೈದು ವರ್ಷ! ಒಂದು ಸೆಮಿಸ್ಟರಿನ ಫಲಿತಾಂಶ ತಡವಾದರೆ ನಾವು ಎಷ್ಟು ಕೂಗಾಡುತ್ತೇವೆ.

ಈಜಿಪ್ತಿನಿಂದ ಬಂದಮೇಲೆ ಅವನಿಗೆ ಚಳಿ ತಡೆಯುತ್ತಿರಲಿಲ್ಲ. ಕೋಣೆ ಸದಾ ಬಿಸಿಯಾಗಿರಬೇಕು, ಮೈಮೇಲೆ ದಪ್ಪ ಬಟ್ಟೆ. 1830ರ ಮೇ 16ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡ.

ಅವನ ನಿಯಮಕ್ಕೆ ನಿಜವಾದ ಪರೀಕ್ಷೆ ಬಂದದ್ದು ನಮ್ಮ ಕಾಲದಲ್ಲಿ. ಸಿಲಿಕಾನಿನಂಥ ವಸ್ತುವಿನಲ್ಲಿ ಶಾಖವನ್ನು ಹೊರುವುದು ಪರಮಾಣುಗಳ ಕಂಪನ. ಗಣಪತಿ ವಿಸರ್ಜನೆಯ ದಿನ ಪುಣೆಯ ಲಕ್ಷ್ಮೀ ರಸ್ತೆಯಲ್ಲಿ ನಾವು ತಳ್ಳಿಸಿಕೊಂಡು ಸಾಗುವಂತೆ, ಈ ಕಂಪನಗಳೂ ಡಿಕ್ಕಿ ಹೊಡೆಯುತ್ತ ಹರಡಿದರೆ ಫೂರಿಯೆಯ ಲೆಕ್ಕ ಸರಿ. ಡಿಕ್ಕಿಯಾಗುವ ಮುಂಚೆ ಅವು ಹತ್ತಾರು ನ್ಯಾನೊಮೀಟರ್, ಕೆಲವು ಒಂದು ಮೈಕ್ರೊಮೀಟರಿಗಿಂತಲೂ ದೂರ ಓಡುತ್ತವೆ. ಬಿಸಿ ಜಾಗವೇ ಅದಕ್ಕಿಂತ ಚಿಕ್ಕದಾದರೆ ಲೆಕ್ಕ ತಪ್ಪುತ್ತದೆ.

ಅಷ್ಟು ಚಿಕ್ಕ ಜಾಗಕ್ಕೆ ತಾಪಮಾಪಕ ಇಡುವುದು ಹೇಗೆ? ಬೆಳಕಿನ ಮಿಡಿತದಿಂದ. ಒಂದು ಸೆಕೆಂಡನ್ನು ಹತ್ತು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಾಲಿನಷ್ಟು ಹೊತ್ತಿನ ಲೇಸರ್ ಮಿಡಿತ, 100 ಫೆಮ್ಟೊಸೆಕೆಂಡು, ತೆಳು ಅಲ್ಯೂಮಿನಿಯಂ ಪದರವನ್ನು ಕಾಯಿಸುತ್ತದೆ. ಹಿಂದೆಯೇ ಬರುವ ಎರಡನೆಯ ಮಿಡಿತ ಎಷ್ಟು ಪ್ರತಿಫಲಿಸಿತು ಎಂಬುದರಿಂದ ಪದರ ಎಷ್ಟು ಆರಿದೆಯೆಂದು ತಿಳಿಯುತ್ತದೆ. ಒಂದು ಡಿಗ್ರಿಗೆ ವ್ಯತ್ಯಾಸ ಹತ್ತು ಸಾವಿರದಲ್ಲಿ ಒಂದರಷ್ಟು, ಅಷ್ಟೆ. ಎರಡನೆಯದನ್ನು ತಡಮಾಡಿಸುವ ಉಪಾಯ ಬಲು ಸರಳ: ಕನ್ನಡಿಯನ್ನು 15 ಸೆಂಟಿಮೀಟರ್ ಹಿಂದೆ ಸರಿಸಿ, ಬೆಳಕು ಹೋಗಿಬರಲು 30 ಸೆಂಟಿಮೀಟರ್ ಹೆಚ್ಚು ನಡೆಯುತ್ತದೆ, ಒಂದು ನ್ಯಾನೊಸೆಕೆಂಡು ತಡ. ಅಮೆರಿಕದ ಕೊಲರಾಡೊದಲ್ಲಿ ಬೆಳಕಿನ ಬದಲು ಮೃದು ಎಕ್ಸ್-ಕಿರಣದ ಮಿಡಿತದಿಂದ ನೋಡಿದವರು, ನೀಲಮಣಿಯ ಮೇಲಿನ ಅತಿಸಣ್ಣ ನಿಕ್ಕಲ್ ಗೆರೆಗಳಿಂದ ಶಾಖ ಫೂರಿಯೆ ಹೇಳಿದ್ದಕ್ಕಿಂತ ನಿಧಾನವಾಗಿ ಇಳಿಯುತ್ತದೆಂದು 2010ರಲ್ಲಿ ಪ್ರಕಟಿಸಿದರು. 2015ರಲ್ಲಿ ಇನ್ನೊಂದು ಸೋಜಿಗ: ಅಂಥ ಗೆರೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಬೇಗ ಆರುತ್ತವೆ!

ಇನ್ನು ನನ್ನ ಚಹಾ. ನನ್ನ ವಕ್ರರೇಖೆಯೂ ಫೂರಿಯೆಯ ಲೆಕ್ಕಕ್ಕೆ ಕೂಡಿಬರಲಿಲ್ಲ. ಎರಡು ರಾತ್ರಿ ನಿದ್ದೆಯಿಲ್ಲದೆ ಹಿಗ್ಗಿದೆ. ಮಾರ್ಗದರ್ಶಕರು ಏನೂ ಅನ್ನದೆ ಅಲ್ಯೂಮಿನಿಯಂ ಪದರದ ದಪ್ಪವನ್ನು ಮತ್ತೆ ಅಳೆಯಲು ಕಳಿಸಿದರು. 80 ನ್ಯಾನೊಮೀಟರ್ ಅಂತ ನಾನು ಬರೆದುಕೊಂಡದ್ದು ನಿಜವಾಗಿ 100 ಇತ್ತು. ಸರಿಯಾದ ಅಂಕಿ ಹಾಕಿದೊಡನೆ ನನ್ನ ಚುಕ್ಕಿಗಳು ಒಂದೊಂದಾಗಿ ಆ ಜಿಲ್ಲಾಧಿಕಾರಿಯ ಗೆರೆಯ ಮೇಲೆ ಹೋಗಿ ಕೂತವು. ಚಹಾದ ಲೆಕ್ಕ ಇನ್ನೂ ಮೆಸ್ಸಿನ ವಹಿಯಲ್ಲಿ ನನ್ನ ಹೆಸರಿಗೇ ಇದೆ.