ಹೆಸರಿಲ್ಲದವರ ಹೆಸರು ಹುಡುಕಿದ ಡಾಕ್ಟರ್ ಲಕಸಾನ್

ಕಾಲೇಜಿನ ಗ್ರಂಥಾಲಯದಲ್ಲಿ ದಿನಪತ್ರಿಕೆ ಓದುವಾಗ ಒಳಪುಟದ ಮೂಲೆಯಲ್ಲಿ ಅಪರಿಚಿತ ಶವ ಪತ್ತೆ ಎಂಬ ಸಣ್ಣ ಸುದ್ದಿಯನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ಎತ್ತರ, ಮೈಬಣ್ಣ, ತೊಟ್ಟ ಬಟ್ಟೆ ಬರೆದಿರುತ್ತಾರೆ. ಕೆಲವೊಮ್ಮೆ ಕೈ ಮೇಲೆ ಇಂಥ ಹಚ್ಚೆ ಇದೆ, ವಾರಸುದಾರರು ಠಾಣೆಯನ್ನು ಸಂಪರ್ಕಿಸಿ ಎಂದೂ ಇರುತ್ತದೆ. ಮೊದಲು ನಾನು ಅದನ್ನು ಬಿಟ್ಟು ಕ್ರೀಡಾ ಪುಟಕ್ಕೆ ಹೋಗುತ್ತಿದ್ದೆ. ಹಚ್ಚೆಗೆ ಅಷ್ಟು ಮಹತ್ವ ಏಕೆ ಎಂದು ಹುಡುಕಿದಾಗ ಫ್ರಾನ್ಸ್ ದೇಶದ ವೈದ್ಯರೊಬ್ಬರ ಜೀವನ ಸಿಕ್ಕಿತು. ಅವರೇ ಅಲೆಕ್ಸಾಂಡರ್ ಲಕಸಾನ್.

ಲಕಸಾನ್ ಅವರು 1843ರಲ್ಲಿ ಫ್ರಾನ್ಸ್‌ನ ಕಾಹೋರ್ ಎಂಬ ಊರಿನಲ್ಲಿ ಹುಟ್ಟಿದರು. ಸ್ಟ್ರಾಸ್‌ಬರ್ಗ್‌ನಲ್ಲಿ ಸೇನೆಯ ವೈದ್ಯಕೀಯ ಶಾಲೆಯಲ್ಲಿ ಕಲಿತು ಸೇನಾ ವೈದ್ಯರಾದರು. 1870ರ ದಶಕದಲ್ಲಿ ಅವರನ್ನು ಅಲ್ಜೀರಿಯಾಕ್ಕೆ ಕಳುಹಿಸಲಾಯಿತು. ಆ ದೇಶ ಆಗ ಫ್ರೆಂಚರ ಆಳ್ವಿಕೆಯಲ್ಲಿತ್ತು. ಶಿಕ್ಷೆಗೆ ಒಳಗಾದ ಫ್ರೆಂಚ್ ಸೈನಿಕರನ್ನೂ ಅಲ್ಲಿನ ಪಡೆಗಳಲ್ಲಿ ಇಡುತ್ತಿದ್ದರು. ಅವರಲ್ಲಿ ಅನೇಕರ ಎದೆ, ತೋಳುಗಳ ತುಂಬ ಹಚ್ಚೆ ಇದ್ದವು. ಬೇರೆಯವರು ಅದನ್ನು ನೋಡಿ ಮುಖ ತಿರುಗಿಸುತ್ತಿದ್ದರು, ಆದರೆ ಲಕಸಾನ್ ಹತ್ತಿರ ಕುಳಿತು ನೋಡಿದರು.

ಅವರ ವಿಧಾನ ಸರಳವಾಗಿತ್ತು. ಪಾರದರ್ಶಕ ಬಟ್ಟೆಯನ್ನು ಹಚ್ಚೆಯ ಮೇಲೆ ಇಟ್ಟು ಗೆರೆಗಳನ್ನು ಹಾಗೆಯೇ ನಕಲು ಮಾಡಿಕೊಳ್ಳುತ್ತಿದ್ದರು. ಅದನ್ನು ರಟ್ಟಿಗೆ ಅಂಟಿಸಿ, ಆ ಮನುಷ್ಯನ ವಯಸ್ಸು, ಊರು, ಕಸುಬು ಮುಂತಾದ ವಿವರಗಳನ್ನು ಬರೆದಿಡುತ್ತಿದ್ದರು. ಹೀಗೆ ಸಾವಿರಕ್ಕೂ ಹೆಚ್ಚು ಹಚ್ಚೆಗಳು ಸೇರಿದವು. ಬಡಗಿಯ ಮೈಮೇಲೆ ಅವನ ಉಪಕರಣ, ನಾವಿಕನ ಮೈಮೇಲೆ ಲಂಗರು, ಇನ್ನು ಕೆಲವರಲ್ಲಿ ಹೆಸರು ಮತ್ತು ತಾರೀಕು ಇರುತ್ತಿದ್ದವು. 1881ರಲ್ಲಿ ಅವರು ಹಚ್ಚೆಗಳ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದರು. ಸತ್ತವನು ಯಾರೆಂದು ಗೊತ್ತಿಲ್ಲದಾಗ ಈ ಗುರುತುಗಳು ಅವನ ಬಗ್ಗೆ ಸುಳಿವು ಕೊಡುತ್ತವೆ ಎಂದು ಅದರಲ್ಲಿ ತೋರಿಸಿದರು.

ಇದಕ್ಕೆ ವೈಜ್ಞಾನಿಕ ಕಾರಣವಿದೆ. ಹಚ್ಚೆಯ ಬಣ್ಣ ಚರ್ಮದ ಮೇಲಿನ ಪದರದಲ್ಲಿ ಇರುವುದಿಲ್ಲ, ಅದರ ಕೆಳಗಿನ ಪದರದಲ್ಲಿ ನಿಲ್ಲುತ್ತದೆ. ಶವ ನೀರಿನಲ್ಲಿ ಬಿದ್ದು ಮುಖ ಗುರುತು ಸಿಗದಂತಾದರೂ, ಮೇಲಿನ ಪದರ ಕಳಚಿದ ಮೇಲೆ ಹಚ್ಚೆ ಇನ್ನೂ ಸ್ಪಷ್ಟವಾಗಿ ಕಾಣಬಹುದು. ಆದರೆ ಒಂದೇ ಚಿತ್ರ ಅನೇಕರಲ್ಲಿ ಇರಬಹುದು. ಆದ್ದರಿಂದ ಇಂದು ಬೆರಳಚ್ಚು, ಹಲ್ಲು ಮತ್ತು ಡಿಎನ್‌ಎ ಮುಖ್ಯ ಸಾಕ್ಷಿಗಳು. ಹಚ್ಚೆ ದಾರಿ ತೋರಿಸುತ್ತದೆ, ಅವು ಖಚಿತಪಡಿಸುತ್ತವೆ.

ಸೇನೆಯಿಂದ ಬಂದ ಮೇಲೆ ಲಕಸಾನ್ ಲಿಯೋನ್ ನಗರದಲ್ಲಿ ನ್ಯಾಯವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ಅವರನ್ನು ಪ್ರಸಿದ್ಧರನ್ನಾಗಿ ಮಾಡಿದ್ದು 1889ರ ಪ್ರಕರಣ. ಆ ವರ್ಷ ಜುಲೈನಲ್ಲಿ ಪ್ಯಾರಿಸ್‌ನ ನ್ಯಾಯಾಲಯದ ಅಧಿಕಾರಿ ಗೂಫೆ ಕಾಣೆಯಾದರು. ಆಗಸ್ಟ್‌ನಲ್ಲಿ ಲಿಯೋನ್ ಬಳಿಯ ಮಿಲೆರಿಯಲ್ಲಿ ಕೊಳೆತ ಶವವೊಂದು ಸಿಕ್ಕಿತು. ಮೊದಲ ಪರೀಕ್ಷೆಯಲ್ಲಿ ಅದು ಯಾರದೆಂದು ತಿಳಿಯಲಿಲ್ಲ, ಹೂಳಿಬಿಟ್ಟರು. ನವೆಂಬರ್‌ನಲ್ಲಿ ಅದನ್ನು ಹೊರತೆಗೆದು ಲಕಸಾನ್ ಅವರಿಗೆ ಕೊಟ್ಟರು. ಹಲ್ಲುಗಳಿಂದ ವಯಸ್ಸು ಅಂದಾಜು ಮಾಡಿದರು. ಬಲಗಾಲಿನ ಎಲುಬಿನಲ್ಲಿ ಹಳೆಯ ಕಾಯಿಲೆಯ ಗುರುತು ಕಂಡಿತು. ಕೂದಲನ್ನು ತೊಳೆದು, ಗೂಫೆಯ ಕೂದಲಿನ ಜೊತೆ ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ಎಲ್ಲವೂ ಕೂಡಿಬಂದವು, ಶವ ಗೂಫೆಯದೇ ಆಗಿತ್ತು. ಇಲ್ಲಿ ಕೆಲಸಕ್ಕೆ ಬಂದದ್ದು ಹಚ್ಚೆಯಲ್ಲ. ಆದರೆ ಮೈಮೇಲಿನ ಯಾವ ಗುರುತನ್ನೂ ಕಡೆಗಣಿಸಬಾರದು ಎಂಬ ಪಾಠ ಅದೇ.

ಆ ಕಾಲದಲ್ಲಿ ಇಟಲಿಯ ಲೊಂಬ್ರೋಸೊ ಎಂಬ ವೈದ್ಯರು ಅಪರಾಧಿಗಳು ಹುಟ್ಟಿನಿಂದಲೇ ಹಾಗಿರುತ್ತಾರೆ, ಹಚ್ಚೆ ಅದರ ಲಕ್ಷಣ ಎನ್ನುತ್ತಿದ್ದರು. ಲಕಸಾನ್ ಇದನ್ನು ಒಪ್ಪಲಿಲ್ಲ. ಮನುಷ್ಯ ಬೆಳೆಯುವ ಸಮಾಜವೇ ಮುಖ್ಯ ಎಂದು ವಾದಿಸಿದರು. ಅವರ ಶಿಷ್ಯ ಲೊಕಾರ್ 1910ರಲ್ಲಿ ಲಿಯೋನ್‌ನಲ್ಲಿ ಪೊಲೀಸ್ ಪ್ರಯೋಗಾಲಯ ಆರಂಭಿಸಿದರು. ಲಕಸಾನ್ ತಮ್ಮ ಸುಮಾರು 12,000 ಪುಸ್ತಕ, ದಾಖಲೆಗಳನ್ನು ನಗರದ ಗ್ರಂಥಾಲಯಕ್ಕೆ ದಾನ ಮಾಡಿದರು. 1924ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಅವರ ದೇಹವೂ ಪರೀಕ್ಷೆಗೆ ಹೋಯಿತು.

ವಾಣಿಜ್ಯ ವಿದ್ಯಾರ್ಥಿಗೆ ಇದೆಲ್ಲ ಏಕೆ ಎಂದು ಗೆಳೆಯರು ಕೇಳಿದರು. ಸತ್ತವರ ಗುರುತು ಸಿಗದಿದ್ದರೆ ಅವರ ಹೆಸರಿನಲ್ಲಿ ಮರಣ ಪ್ರಮಾಣಪತ್ರ ಸಿಗುವುದಿಲ್ಲ. ಅದಿಲ್ಲದೆ ವಿಮೆ, ಪಿಂಚಣಿ, ಬ್ಯಾಂಕ್ ಹಣಕ್ಕಾಗಿ ಮನೆಯವರು ಅಲೆಯಬೇಕು. ನಮ್ಮ ಕಾನೂನಿನಲ್ಲಿ 7 ವರ್ಷ ಸುದ್ದಿಯೇ ಇಲ್ಲದಿದ್ದರೆ ಮಾತ್ರ ಒಬ್ಬರು ಬದುಕಿಲ್ಲವೆಂದು ಭಾವಿಸಬಹುದು. ಅಷ್ಟು ವರ್ಷ ಬಾಗಿಲು ಸದ್ದಾದಾಗಲೆಲ್ಲ ತಾಯಿ ಎದ್ದು ನೋಡುತ್ತಿರುತ್ತಾರೆ. ಜನಾಜಾ ನಮಾಜಿಗೆ ಮನೆಯವರು ನಿಲ್ಲುವ ಭಾಗ್ಯವೂ ಇರುವುದಿಲ್ಲ.

ನಮ್ಮ ಮನೆಯಲ್ಲಿ ಯಾರೂ ಹಚ್ಚೆ ಹಾಕಿಸಿಕೊಳ್ಳುವುದಿಲ್ಲ, ಹಾಕಿಸಿಕೊಳ್ಳಿ ಎಂದು ನಾನು ಹೇಳುತ್ತಲೂ ಇಲ್ಲ. ಮಚ್ಚೆ, ಗಾಯದ ಕಲೆಗಳೂ ಗುರುತೇ. ಇದನ್ನು ಬರೆಯುವಾಗ ನನ್ನ ಮೈಮೇಲೆ ಏನು ಗುರುತಿದೆ ಎಂದು ಅಮ್ಮಿಯನ್ನು ಕೇಳಿದೆ. ಅವರು ಯೋಚಿಸದೆ ಮೂರು ಹೇಳಿದರು. ಬೆನ್ನಿನ ಮೇಲಿನ ಮಚ್ಚೆ ನನಗೇ ಗೊತ್ತಿರಲಿಲ್ಲ.

ಈಗ ಪತ್ರಿಕೆಯ ಆ ಸಣ್ಣ ಸುದ್ದಿಯನ್ನು ಕೊನೆಯವರೆಗೂ ಓದುತ್ತೇನೆ. ನೀವೂ ಓದಿ. ಅಲ್ಲಿ ಬರೆದ ಗುರುತು ನಮಗೆ ಗೊತ್ತಿರುವ ಯಾರದ್ದಾದರೂ ಆಗಿರಬಹುದು.