ಮುಖ್ಯೋಪಾಧ್ಯಾಯರ ಮಗ ನಪಾಸಾದಾಗ

ದಸರಾ ರಜೆ ಮುಗಿದು ಶಾಲೆಯ ಎರಡನೇ ಅವಧಿ ಆರಂಭವಾಯಿತೆಂದರೆ ಮಕ್ಕಳಿಗೆ ಬಿಡುವೆಂಬುದೇ ಇಲ್ಲ. ಬೆಳಿಗ್ಗೆ ಟ್ಯೂಷನ್, ಹಗಲು ಶಾಲೆ, ಸಂಜೆ ವಿಶೇಷ ತರಗತಿ. ಘಟ್ಟದ ಮೇಲಿನ ಹಾಸನ ಜಿಲ್ಲೆ 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೇ ಪ್ರಥಮ ಸ್ಥಾನ ಪಡೆಯಿತು. ಸಂತೋಷದ ವಿಷಯ. ಆದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೆತ್ತವರಿಗೂ ನಮ್ಮ ಕರಾವಳಿಯ ಹೆತ್ತವರಿಗೂ ಚಿಂತೆ ಒಂದೇ: ದಣಿದ ಮಗುವಿಗೆ ಓದಿನಲ್ಲಿ ಮನಸ್ಸು ಉಳಿಯುವಂತೆ ಮಾಡುವುದು ಹೇಗೆ? ಹಿಂದೊಮ್ಮೆ ಹಾಸನದಲ್ಲಿ ಹೈಸ್ಕೂಲು ಮುಖ್ಯೋಪಾಧ್ಯಾಯರಾಗಿದ್ದ ಕೃಷ್ಣಸ್ವಾಮಿ ಅಯ್ಯರ್ ಅವರ ಮನೆಯ ಕಥೆಯನ್ನು ನಾವಿಲ್ಲಿ ಹೇಳಬಯಸುತ್ತೇವೆ. ಅವರ ಮಗನೇ ಮಾಲ್ಗುಡಿಯ ಕಥೆಗಾರ ಆರ್. ಕೆ. ನಾರಾಯಣ್.

ನಾರಾಯಣ್ ಹುಟ್ಟಿದ್ದು 1906ರ ಅಕ್ಟೋಬರ್ 10ರಂದು, ಮದ್ರಾಸಿನಲ್ಲಿ. ತಂದೆಗೆ ಮೈಸೂರು ಸಂಸ್ಥಾನದಲ್ಲಿ ಚನ್ನಪಟ್ಟಣ, ಹಾಸನ, ಮೈಸೂರು ಎಂದು ವರ್ಗವಾಗುತ್ತಿದ್ದುದರಿಂದ ಬಾಲಕನನ್ನು ಅಜ್ಜಿಯೇ ಮದ್ರಾಸಿನಲ್ಲಿ ಸಾಕಿದರು. ಲೆಕ್ಕ, ಪುರಾಣ, ಶ್ಲೋಕಗಳನ್ನು ಕಲಿಸಿದವರೂ ಅವರೇ. ಹುಡುಗ ಮೊದಲು ಸೇರಿದ್ದು ಲೂಥರನ್ ಮಿಷನ್ ಶಾಲೆಗೆ. ಅಲ್ಲಿ ಬೈಬಲ್ ತರಗತಿಯ ಉಪಾಧ್ಯಾಯರು ಹಿಂದೂ ದೇವತೆಗಳನ್ನು ಹೀಯಾಳಿಸುತ್ತಿದ್ದುದು ಆ ಎಳೆಯ ಮನಸ್ಸನ್ನು ನೋಯಿಸಿತು. ಮುಂದೆ ಅವರ ಮೊದಲ ಕಾದಂಬರಿಯಲ್ಲೂ ಅಂಥದೇ ಒಂದು ತರಗತಿ ಬಂತು. ಶಾಲೆಗಳನ್ನು ನಡೆಸುವ ನಮ್ಮಂಥವರಿಗೆ ಇದು ಹಿತವಾದ ಓದಲ್ಲ, ಆದರೂ ಓದಲೇಬೇಕು.

ತಂದೆಗೆ ಮೈಸೂರಿನ ಮಹಾರಾಜಾ ಕಾಲೇಜಿಯೇಟ್ ಹೈಸ್ಕೂಲಿಗೆ ವರ್ಗವಾದ ಮೇಲೆ ನಾರಾಯಣ್ ಅಲ್ಲಿಗೆ ಬಂದರು. ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ ಬರೆದು ನಪಾಸಾದರು, ಅದೂ ಇಂಗ್ಲಿಷಿನಲ್ಲಿ! ಊರಿಗೆಲ್ಲ ಶಿಸ್ತಿನ ಹೆಡ್‌ಮಾಸ್ಟರೆಂದು ಹೆಸರಾದವರ ಮಗ. ಇಂದು ಅಂಥ ಮನೆಯಲ್ಲಿ ಏನಾಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ತಂದೆಗೆ ಸಿಟ್ಟು ಬಂದದ್ದು ನಿಜ. ಆದರೆ ಆ ಇಡೀ ವರ್ಷ ಅವರು ಮಗನನ್ನು ಓದಲು, ತಿರುಗಾಡಲು ಬಿಟ್ಟರು. ಶಾಲೆಯ ಗ್ರಂಥಾಲಯ ಅವನಿಗೆ ತೆರೆದಿತ್ತು. ಅಲ್ಲಿಗೆಂದು ವಿದೇಶದಿಂದ ತರಿಸುತ್ತಿದ್ದ ಪತ್ರಿಕೆಗಳು ಅಪ್ಪನ ಮೇಜಿನಿಂದ ಮಗನ ಕೈಗೆ ಬರುತ್ತಿದ್ದವು. ಕುಕ್ಕರಹಳ್ಳಿ ಕೆರೆಯ ಸುತ್ತ ನಡೆದಾಡುತ್ತ, ಪಠ್ಯದ ಹೊರಗಿನದನ್ನೇ ಹಸಿದವರಂತೆ ಓದಿ, ಬರೆಯಲೂ ತೊಡಗಿದರು. ಕೊನೆಗೆ 1926ರಲ್ಲಿ ಪರೀಕ್ಷೆ ಪಾಸಾಯಿತು. ಮೂರು ವರ್ಷದ ಬಿ.ಎ.ಗೆ ನಾಲ್ಕು ವರ್ಷ ಹಿಡಿಯಿತು, 1930ರಲ್ಲಿ ಪದವಿ.

ಎಲ್ಲ ಹೆತ್ತವರೂ ಒಂದು ವರ್ಷ ಬಿಟ್ಟುಕೊಡಲಾರರು, ನಾವು ಒಪ್ಪುತ್ತೇವೆ. ಸಂಜೆ ಒಂದು ಗಂಟೆಯನ್ನಾದರೂ, ಮಗು ತಾನೇ ಆರಿಸಿದ ಪುಸ್ತಕಕ್ಕೋ ಆಟಕ್ಕೋ, ಲೆಕ್ಕ ಕೇಳದೆ ಬಿಡಬಹುದಲ್ಲವೇ?

ಮೇಷ್ಟರ ಕೆಲಸಕ್ಕೆ ಸೇರಿದ ನಾರಾಯಣ್ ಬೇಗನೆ ಬಿಟ್ಟು ಬಂದರು. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿಯ ನಾಯಕ ಸ್ವಾಮಿಗೆ ಸೋಮವಾರವೆಂದರೆ ಆಗದು. ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ಧಾರಾವಾಹಿಯಲ್ಲಿ ಆ ಹುಡುಗನನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ.

ಎಂಬತ್ತರ ಅಂಚಿನಲ್ಲಿ ರಾಜ್ಯಸಭೆಗೆ ನಾಮನಿರ್ದೇಶಿತರಾದ ನಾರಾಯಣ್ ತಮ್ಮ ಮೊದಲ ಭಾಷಣವನ್ನು ಮೀಸಲಿಟ್ಟದ್ದು ಸಾಹಿತ್ಯಕ್ಕಲ್ಲ, ಶಾಲಾಮಕ್ಕಳ ಬೆನ್ನ ಮೇಲಿನ ಚೀಲಕ್ಕೆ. ಆಡಲು, ಕನಸು ಕಾಣಲು ಮಗುವಿಗೆ ಸಮಯವೇ ಉಳಿದಿಲ್ಲವೆಂದು ಮರುಗಿ, ಚೀಲವನ್ನೇ ರದ್ದುಮಾಡಬೇಕೆಂದು ಕೇಳಿದರು. ಮುಂದೆ ಪ್ರೊ. ಯಶಪಾಲ್ ಸಮಿತಿ ನೇಮಕವಾಗಿ 1993ರಲ್ಲಿ ವರದಿ ಕೊಟ್ಟಿತು. ನಾರಾಯಣ್ 2001ರ ಮೇ 13ರಂದು ಚೆನ್ನೈಯಲ್ಲಿ ನಿಧನರಾದರು.

ನಮ್ಮ ರಾಜ್ಯದಲ್ಲಿ ಚೀಲದ ತೂಕಕ್ಕೆ ಸರಕಾರ ಮಿತಿ ಹಾಕಿದ್ದು 2019ರಲ್ಲಿ: ಒಂದು ಮತ್ತು ಎರಡನೇ ತರಗತಿಗೆ ಹೆಚ್ಚೆಂದರೆ 2 ಕಿಲೋ, ಒಂಬತ್ತು ಮತ್ತು ಹತ್ತನೇ ತರಗತಿಗೆ 5 ಕಿಲೋ. ಮುಂದಿನ ಪೋಷಕರ ಸಭೆಗೆ ಬರುವ ಮೊದಲು ಮಗುವಿನ ಚೀಲವನ್ನು ಒಮ್ಮೆ ತೂಗಿ ನೋಡಿ ಬರಬೇಕೆಂದು ಹೆತ್ತವರಲ್ಲಿ ವಿನಂತಿಸುತ್ತೇವೆ.