ಕೆಲಸಕ್ಕೆ ತಕ್ಕ ತೋಟಾ: ಜಿಮ್ ಕಾರ್ಬೆಟ್ಟರ ಬಾಳಿನ ಪಾಠ

ಬೆಳೆ ಕಾಯಲೆಂದು ಪರವಾನಗಿ ಪಡೆದ ಕೋವಿ ನಿಮ್ಮಲ್ಲಿ ಕೆಲವರ ಮನೆಯಲ್ಲಾದರೂ ಇರಬಹುದು. ಯಾವ ಕೋವಿ ಒಳ್ಳೆಯದು, ಯಾವ ತೋಟಾ ಮೇಲು ಎಂಬ ಚರ್ಚೆ ಊರಿನ ಜಗಲಿಯಲ್ಲಿ ಎಂದೂ ಮುಗಿಯುವುದಿಲ್ಲ. ತೋಟಾ ದೊಡ್ಡದಾದಷ್ಟೂ ಕೆಲಸ ಸುಲಭ ಎಂದು ನಂಬಿದವರೇ ಹೆಚ್ಚು. ಈ ನಂಬಿಕೆ ಎಷ್ಟು ಸರಿ? ಕುಮಾವೂನಿನ ಗುಡ್ಡಗಳಲ್ಲಿ ನರಭಕ್ಷಕಗಳ ಬೆನ್ನು ಹತ್ತಿ ನಡೆದ ಜಿಮ್ ಕಾರ್ಬೆಟ್ಟರ ಬಾಳನ್ನು ನೋಡಿದರೆ ಉತ್ತರ ಸಿಗುತ್ತದೆ.

ಕಾರ್ಬೆಟ್ಟರು ಹುಟ್ಟಿದ್ದು 1875ರ ಜುಲೈ 25ರಂದು, ಹಿಮಾಲಯದ ತಪ್ಪಲಿನ ನೈನಿತಾಲಿನಲ್ಲಿ. ತಂದೆ ಅಲ್ಲಿ ಪೋಸ್ಟ್ ಮಾಸ್ಟರ್. ಮಗ ಇನ್ನೂ ಚಿಕ್ಕವನಿದ್ದಾಗಲೇ ತಂದೆ ತೀರಿಕೊಂಡರು. ದೊಡ್ಡ ಸಂಸಾರ, ಅಷ್ಟಕ್ಕಷ್ಟೇ ವರಮಾನ. ಹುಡುಗನ ಕೈಗೆ ಮೊದಲು ಬಂದದ್ದು ಒಂದು ಹಳೆಯ ಜೋಡುನಳಿಗೆ ಕೋವಿ. ನಳಿಗೆಯ ಬಾಯಿಂದ ಮದ್ದು ತುಂಬುವ ಜಾತಿಯದು. ಬಲಗಡೆಯ ನಳಿಗೆ ಸೀಳಿಹೋಗಿತ್ತು. ಹಿಡಿಗೂ ನಳಿಗೆಗೂ ಹಿತ್ತಾಳೆ ತಂತಿ ಸುತ್ತಿ ಬಿಗಿಯಲಾಗಿತ್ತು. ಮದ್ದು, ಚರೆ ಕೊಳ್ಳಲು ಕಾಸಿಲ್ಲದ ಹುಡುಗ, ಹತ್ತಿರ ಹೋಗಿ ಗುರಿ ಖಚಿತವಾದ ಮೇಲೆಯೇ ಈಡು ಹೊಡೆಯುವುದನ್ನು ಕಲಿತ. ಮುಂದೆ ನೈನಿತಾಲಿನ ಕೆಡೆಟ್ ದಳದವರು ಅವನಿಗೆ .450 ಮಾರ್ಟಿನಿ ರೈಫಲೊಂದನ್ನು ಎರವಲು ಕೊಟ್ಟರು. ರೈಫಲನ್ನು ಚೊಕ್ಕಟವಾಗಿಡಬೇಕು, ಖಾಲಿ ತೋಟಾಗಳನ್ನು ಹಿಂದಿರುಗಿಸಬೇಕು ಎಂಬುದು ಷರತ್ತು. ಲೆಕ್ಕ ಒಪ್ಪಿಸಬೇಕಾದವನು ಗುಂಡು ವ್ಯರ್ಥ ಮಾಡುವುದಿಲ್ಲ ಎಂಬುದನ್ನು ಗಮನಿಸಿ.

ದೊಡ್ಡವರಾದ ಮೇಲೆ ಕಾರ್ಬೆಟ್ಟರು ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಗಂಗಾತೀರದ ಮೊಕಾಮೆ ಘಾಟಿನಲ್ಲಿ ರೈಲ್ವೆ ಸರಕು ಸಾಗಾಣಿಕೆಯ ಕೆಲಸ ನೋಡಿಕೊಂಡರು. ನರಭಕ್ಷಕ ಬೇಟೆ ಅವರ ಉದ್ಯೋಗವಾಗಿರಲಿಲ್ಲ. ಕರೆ ಬಂದಾಗ ಹೋಗುತ್ತಿದ್ದರು.

1907ರಲ್ಲಿ ಚಂಪಾವತದಿಂದ ಕರೆ ಬಂತು. ಅಲ್ಲಿನ ಹೆಣ್ಣುಹುಲಿ ನೇಪಾಳ ಮತ್ತು ಕುಮಾವೂನಿನಲ್ಲಿ ಒಟ್ಟು 436 ಜನರನ್ನು ಕೊಂದಿತ್ತು. ತಹಶೀಲ್ದಾರರು ಹಳ್ಳಿಗಳಿಂದ 298 ಜನರನ್ನು ಸೋವಿಗೆ ಕೂಡಿಸಿದರು. ಕಾರ್ಬೆಟ್ಟರ ಕೈಯಲ್ಲಿದ್ದದ್ದು .500 ಬೋರಿನ ಜೋಡುನಳಿಗೆ ಎಕ್ಸ್‌ಪ್ರೆಸ್ ರೈಫಲ್. ದೊಡ್ಡ ತೋಟಾವೇ ಸರಿ, ಆದರೆ ಜೇಬಿನಲ್ಲಿದ್ದದ್ದು ಮೂರೇ ಮೂರು. ಮೂರೂ ಮುಗಿದರೂ ಹುಲಿಗೆ ಜೀವವಿತ್ತು. ಓಡಿ ಹೋಗಿ ತಹಶೀಲ್ದಾರರ ಹಳೆಯ ಕೋವಿ ತಂದು ಕೆಲಸ ಮುಗಿಸಬೇಕಾಯಿತು. ಆ ಕೋವಿಯ ಗುಂಡು ಇಟ್ಟ ಗುರಿಗೆ ತಾಗದೆ ಪಂಜಕ್ಕೆ ಬಡಿಯಿತು. ಹುಲಿ ಮೊದಲೇ ಬಲವಾಗಿ ಗಾಯಗೊಂಡಿದ್ದರಿಂದ ಪ್ರಾಣ ಉಳಿಯಿತು.

ಆಮೇಲೆ ಹುಲಿಯ ಬಾಯಿ ಬಿಡಿಸಿ ನೋಡಿದಾಗ ಸಂಗತಿ ತಿಳಿಯಿತು. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು. ಕೆಳಗಿನದು ಬುಡದವರೆಗೂ ಹೋಗಿತ್ತು. ಹಿಂದೆ ಯಾರೋ ಹೊಡೆದ ಗುಂಡಿನ ಫಲ ಅದು. ಸಹಜ ಬೇಟೆ ಹಿಡಿಯಲಾರದ ಹುಲಿ ಮನುಷ್ಯರ ಮೇಲೆ ತಿರುಗಿತ್ತು. ಯಾರದೋ ಒಂದು ಅರೆಬರೆ ಈಡಿಗೆ ಬೆಲೆ ತೆತ್ತವರು ಹುಲ್ಲಿಗೂ ಸೌದೆಗೂ ಕಾಡಿಗೆ ಹೋದ ಹೆಣ್ಣುಮಕ್ಕಳು ಮತ್ತು ರೈತರು.

ಈ ಕೆಲಸಕ್ಕಾಗಿ ಪ್ರಾಂತದ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹ್ಯೂವೆಟ್ ಅವರು ಕಾರ್ಬೆಟ್ಟರಿಗೆ .275 ರಿಗ್ಬಿ ರೈಫಲನ್ನು ಬಹುಮಾನವಾಗಿ ಕೊಟ್ಟರು. ಇದರ ತೋಟಾ ಜರ್ಮನಿಯ 7 ಮಿಲಿಮೀಟರ್ ಮೌಸರ್ ತೋಟಾವೇ, ಹೆಸರು ಮಾತ್ರ ಬೇರೆ. ಗುಂಡಿನ ತೂಕ ಸುಮಾರು 9 ಗ್ರಾಂ. ಕಾರ್ಬೆಟ್ಟರು ಬಳಸುತ್ತಿದ್ದ ಇನ್ನೊಂದು ರೈಫಲ್ .450/400 ಜೋಡುನಳಿಗೆಯದು. ಅದರ ಗುಂಡು ಸುಮಾರು 26 ಗ್ರಾಂ, ಅಂದರೆ ಹೆಚ್ಚುಕಡಿಮೆ ಮೂರು ಪಟ್ಟು.

ಹಾಗಾದರೆ ಚಿಕ್ಕ ತೋಟಾದ ಉಪಯೋಗವೇನು ಎಂದು ನೀವು ಕೇಳಬಹುದು. ನಳಿಗೆ ಬಿಟ್ಟ ಕ್ಷಣದಿಂದಲೇ ಗುಂಡು ಕೆಳಕ್ಕೆ ಇಳಿಯತೊಡಗುತ್ತದೆ. ನಿಧಾನವಾಗಿ ಹೋಗುವ ಭಾರದ ಗುಂಡು ದೂರ ಕ್ರಮಿಸುವಷ್ಟರಲ್ಲಿ ಹೆಚ್ಚು ಇಳಿಯುತ್ತದೆ. ಕಣಿವೆಯ ಆಚೆ ಮಗ್ಗುಲಲ್ಲಿ ನಿಂತ ಪ್ರಾಣಿಯ ದೂರವನ್ನು ಕಣ್ಣಂದಾಜಿನಲ್ಲಿ ಅಳೆಯುವಾಗ ಸ್ವಲ್ಪ ತಪ್ಪಿದರೂ ಗುಂಡು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ವೇಗವಾಗಿ ಹೋಗುವ, ಉದ್ದನೆಯ ಸಣ್ಣ ಗುಂಡು ಇಳಿಯುವುದು ಕಡಿಮೆ. ಚಿಕ್ಕ ತೋಟಾದ ರೈಫಲ್ ಹೆಗಲಿಗೆ ಒದೆಯುವುದೂ ಕಡಿಮೆ, ಆದ್ದರಿಂದ ಗುರಿ ಕದಲುವುದಿಲ್ಲ. ದಿನವಿಡೀ ಗುಡ್ಡ ಹತ್ತಿ ಇಳಿಯುವವನಿಗೆ ಹೆಗಲ ಮೇಲಿನ ಒಂದೊಂದು ಸೇರೂ ಲೆಕ್ಕವೇ.

1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಕಾರ್ಬೆಟ್ಟರು ಮಾವಿನಮರದಲ್ಲಿ ಮರಸು ಕೂತು ಇದೇ .275ರಿಂದ ಹೊಡೆದರು. ಅದು 125 ಜನರನ್ನು ಕೊಂದಿದ್ದ ಪ್ರಾಣಿ. 1930ರ ಏಪ್ರಿಲಿನಲ್ಲಿ ಚೌಗಢದ ಹೆಣ್ಣುಹುಲಿ ಬಂಡೆಯ ಮಗ್ಗುಲಲ್ಲಿ ಎಂಟೇ ಅಡಿ ದೂರದಲ್ಲಿ ಎದುರಾಯಿತು. ಆಗ ಅವರ ಎಡಗೈಯಲ್ಲಿ ದಾರಿಯಲ್ಲಿ ಸಿಕ್ಕ ಹಕ್ಕಿಮೊಟ್ಟೆಗಳಿದ್ದವು. ಬಲಗೈಯೊಂದರಲ್ಲೇ ರೈಫಲನ್ನು ಮೆಲ್ಲಮೆಲ್ಲಗೆ ತಿರುಗಿಸಿ ಟ್ರಿಗರ್ ಎಳೆದರು. ಭಾರದ ಜೋಡುನಳಿಗೆಯಾಗಿದ್ದರೆ ಹಾಗೆ ತಿರುಗಿಸುವುದು ಬಲು ಕಷ್ಟವಾಗುತ್ತಿತ್ತು.

ಹಾಗೆಂದು ದೊಡ್ಡ ತೋಟಾವನ್ನು ಅವರು ಕೈಬಿಡಲಿಲ್ಲ. 1938ರ ನವೆಂಬರಿನಲ್ಲಿ ಠಾಕ್ ಊರಿನ ನರಭಕ್ಷಕಿಯನ್ನು, ಮುಸ್ಸಂಜೆಯಲ್ಲಿ ಹುಲಿಯಂತೆಯೇ ಕೂಗಿ ಹತ್ತಿರ ಕರೆಸಿಕೊಂಡು, .450/400ರಿಂದ ಹೊಡೆದರು. ಬೆಳಕಿಲ್ಲ, ಎರಡನೆಯ ಅವಕಾಶವೂ ಇಲ್ಲ; ಅಂಥಲ್ಲಿ ಹತ್ತಿರದಿಂದ ಉರುಳಿಸುವ ಭಾರದ ಗುಂಡೇ ಬೇಕು. ಅದರ ಒದೆತಕ್ಕೆ ಕೂತ ಬಂಡೆಯಿಂದ ಅವರೇ ಕೆಳಗೆ ಬಿದ್ದರು! ದೂರಕ್ಕೊಂದು, ಹತ್ತಿರಕ್ಕೊಂದು; ನೆಲ ನೋಡಿ, ಪ್ರಾಣಿ ನೋಡಿ, ತನ್ನ ಕೈಯಳತೆ ನೋಡಿ ಆರಿಸುವುದೇ ಜಾಣತನ.

ಇನ್ನೊಂದು ಸಂಗತಿ ನಮ್ಮ ಪುಟದ ಓದುಗರಿಗೆ ಮುಖ್ಯ. ಕಾರ್ಬೆಟ್ಟರು ಕಾಲಾಢುಂಗಿಯ ಬಳಿ ಛೋಟಿ ಹಲ್ದ್ವಾನಿ ಎಂಬ ಹಳ್ಳಿಯನ್ನು ಕೊಂಡು ಒಕ್ಕಲುಗಳನ್ನು ಕೂಡಿಸಿದ್ದರು. ಹಂದಿ, ಜಿಂಕೆಗಳು ಪೈರು ತಿನ್ನುತ್ತಿದ್ದವು. ಗುರಿಕಾರರಲ್ಲಿ ಹೆಸರಾದ ಆ ಮನುಷ್ಯ ಕೋವಿಯೊಂದನ್ನೇ ನಂಬಿ ಕೂರಲಿಲ್ಲ. ಒಕ್ಕಲುಗಳ ಕಾವಲಿಗೆ ಒಂದು ಒಂಟಿನಳಿಗೆ ಕೋವಿ ಕೊಟ್ಟರು ನಿಜ. ಆದರೆ ಹಳ್ಳಿಯ ಸುತ್ತ ಹಲವು ಕಿಲೋಮೀಟರ್ ಉದ್ದದ ಕಲ್ಲುಗೋಡೆಯನ್ನೂ ಕಟ್ಟಿಸಿದರು.

ವಯಸ್ಸಾದಂತೆ ಅವರು ರೈಫಲಿಗಿಂತ ಕ್ಯಾಮೆರಾವನ್ನೇ ಹೆಚ್ಚಾಗಿ ಹಿಡಿದರು. 1936ರಲ್ಲಿ ಅಲ್ಲಿ ರಾಷ್ಟ್ರೀಯ ಉದ್ಯಾನ ಏರ್ಪಡಲು ದುಡಿದರು. 1947ರಲ್ಲಿ ತಂಗಿಯ ಹೋಲಿಕೆಯೇ ಇಲ್ಲದ ಒಡನಾಡಿ, ಅಕ್ಕ ಮ್ಯಾಗಿಯೊಡನೆ ಕೀನ್ಯಾಕ್ಕೆ ಹೋದರು. 1955ರ ಏಪ್ರಿಲ್ 19ರಂದು ಅಲ್ಲಿಯ ನ್ಯೇರಿಯಲ್ಲಿ ತೀರಿಕೊಂಡರು. 1957ರಲ್ಲಿ ಉದ್ಯಾನಕ್ಕೆ ಅವರ ಹೆಸರಿಟ್ಟರು. 1973ರಲ್ಲಿ ಹುಲಿ ಯೋಜನೆ ಶುರುವಾದದ್ದು ಅಲ್ಲಿಯೇ. ಮೊದಲ ಒಂಬತ್ತು ಹುಲಿಧಾಮಗಳಲ್ಲಿ ನಮ್ಮ ಬಂಡೀಪುರವೂ ಒಂದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಆದರೂ ಕಾರ್ಬೆಟ್ಟರ ಪಾಠ ಹಳತಾಗಿಲ್ಲ. ಕತ್ತಲಲ್ಲಿ ಸದ್ದು ಬಂದ ಕಡೆಗೆ ಹಾರಿಸಿದ ಒಂದು ಈಡು ಪ್ರಾಣಿಯನ್ನು ಗಾಯಗೊಳಿಸಿ ಬಿಟ್ಟರೆ, ಅದರ ಸಾಲವನ್ನು ನಾಳೆ ಪಕ್ಕದ ಹೊಲದವನು ತೀರಿಸಬೇಕಾದೀತು. ಗದ್ದೆಗೆ ಹಂದಿ ಬಂತೆಂದು ಕೋವಿಗೆ ಕೈಹಾಕುವ ಮೊದಲು ಬೇಲಿ ಭದ್ರವಾಗಿದೆಯೇ ನೋಡಿ, ಅರಣ್ಯ ಇಲಾಖೆಗೆ ತಿಳಿಸಿ.